ಪಸ್ತಾಪುರದಲ್ಲಿ ಒಂದರ ಬೆನ್ನಿಗೊಂದು



ಒಂದಾದ ಮೇಲೊಂದು ಉದ್ಯಮ ಹೂಡುವವರು ಎಂದರೆ ನಮಗೆ ಥಟ್ಟನೆ ಕ್ಯಾಪ್ಟನ್ ಗೋಪಿನಾಥ್ ನೆನಪಾಗುತ್ತಾರೆ. ಸೈನ್ಯದಿಂದ ಬಂದು ರೇಷ್ಮೆ ಬೆಳೆದರು, ಹಾಸನದಲ್ಲಿ ಹೋಟೆಲಿಟ್ಟರು, 1997ರಲ್ಲಿ ಹೆಲಿಕಾಪ್ಟರ್ ಕಂಪನಿ ತೆರೆದರು, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಇವತ್ತು ಇನ್ನೊಂದು ಡೆಕ್ಕನ್ ಬಗ್ಗೆ ಹೇಳುತ್ತೇನೆ. ಇದು ನೆಲದ ಮೇಲೇ ಇದೆ.

ಬೀದರಿನಿಂದ ಗಡಿ ದಾಟಿದರೆ ಜಹೀರಾಬಾದ್. ಅದರ ಪಕ್ಕದ ಊರು ಪಸ್ತಾಪುರ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇರುವುದು ಅಲ್ಲಿ. 1983ರಲ್ಲಿ ಗೆಳೆಯರೊಡನೆ ಅದನ್ನು ಕಟ್ಟಿದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುತ್ತಿದ್ದವರು. ಉದ್ಯಮ ನಡೆಸಿದ್ದು ಮಾತ್ರ ಸುತ್ತಲ ಹಳ್ಳಿಗಳ ಸಂಘದ ಹೆಂಗಸರು. ಬಹುಪಾಲು ದಲಿತರು; ಇದ್ದ ಹೊಲ ಎಕರೆಯೋ ಎರಡೆಕರೆಯೋ, ಅದೂ ಬೀಳು.

ಬೀಳು ಬಿದ್ದದ್ದಕ್ಕೆ ಕಾರಣವಿತ್ತು. ಉಳುಮೆಗೆ, ಗೊಬ್ಬರಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಸಾಲದ್ದಕ್ಕೆ ರೇಷನ್ ಅಂಗಡಿಯಲ್ಲಿ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಸಿಗತೊಡಗಿ, ಜೋಳ ಬೆಳೆಯುವ ಹುರುಪೂ ಕುಗ್ಗಿತ್ತು. 1990ರ ದಶಕದ ನಡುವೆ ಅವರು ಹೂಡಿದ ಏರ್ಪಾಡು ನನಗೆ ಇವತ್ತಿಗೂ ಬಹಳ ಜಾಣತನದ್ದಾಗಿ ಕಾಣುತ್ತದೆ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನಿಂದ ಬೀಳು ಹೊಲಕ್ಕೆ ಸಾಲ ಕೊಟ್ಟರು. ಸಾಲ ತೀರಿಸಬೇಕಾದ್ದು ಜೋಳದಲ್ಲಿ, ಕೆಲವು ವರ್ಷ ಕಂತಿನ ಮೇಲೆ. ಆ ಜೋಳ ಊರಲ್ಲೇ ಉಳಿಯಿತು. ಮಳೆಗಾಲದಲ್ಲಿ ಕೂಲಿ ಸಿಗದೆ ಕಾಳು ಮುಗಿದ ಮನೆಗಳಿಗೆ ಕಡಿಮೆ ಬೆಲೆಗೆ ಮಾರಿದರು. ಯಾರು ಎಷ್ಟು ಬಡವರು ಎಂಬುದನ್ನು ಊರಿನವರೇ ಕೂತು ತೀರ್ಮಾನಿಸಿದರು. ಮಾರಿ ಬಂದ ದುಡ್ಡು ಬ್ಯಾಂಕಿಗೆ. ಅಲ್ಲಿಂದ ಮತ್ತೆ ಹೊಲಕ್ಕೆ. ಬೆಳೆಯುವವರೂ ಅವರೇ, ಕೊಳ್ಳುವವರೂ ಅವರೇ ಆದಾಗ ಗಿರಾಕಿ ಹುಡುಕುತ್ತ ಅಲೆಯುವ ಪಾಡಿಲ್ಲ.

ಹೊಲ ಎದ್ದಿತು, ಬಿತ್ತಲು ಬೀಜ ಬೇಕಾಯಿತು. ಒಂದೇ ಹೊಲದಲ್ಲಿ ಜೋಳ, ಸಜ್ಜೆ, ನವಣೆ, ಸಾವೆ, ತೊಗರಿ ಎಂದು ಹದಿನೈದು ಇಪ್ಪತ್ತು ಬಗೆ ಬಿತ್ತುವವರಿಗೆ ಅಷ್ಟೂ ಬೀಜ ಯಾವ ಅಂಗಡಿಯಲ್ಲಿ ಸಿಕ್ಕೀತು? ಅವರೇ ಬೀಜದ ಬ್ಯಾಂಕು ಮಾಡಿಕೊಂಡರು. ಒಯ್ದದ್ದಕ್ಕಿಂತ ಹೆಚ್ಚು ಅಳೆದು ಹಿಂದಿರುಗಿಸುವುದೇ ಬಡ್ಡಿ. ಬೂದಿ, ಬೇವಿನೆಲೆ ಬೆರೆಸಿ ಬುಟ್ಟಿಯಲ್ಲಿಟ್ಟರೆ ಹುಳ ಬೀಳದು. ವರ್ಷಕ್ಕೊಮ್ಮೆ, ಸಂಕ್ರಾಂತಿಯ ಹೊತ್ತಿಗೆ, ಆ ಬೀಜಗಳನ್ನು ಎತ್ತಿನಬಂಡಿಗಳ ಮೇಲಿಟ್ಟು ಊರೂರು ಮೆರವಣಿಗೆ ಹೊರಡಿಸುತ್ತಾರೆ. ಜಾಹೀರಾತು ಎಂದರೆ ಅದು!

ಕಾಳು ಮಿಕ್ಕಿದಾಗ ಜಹೀರಾಬಾದಿನಲ್ಲಿ ಅಂಗಡಿ ಬಂತು, ಸಿರಿಧಾನ್ಯದ ಅಡುಗೆ ಬಡಿಸುವ ಕೆಫೆ ಎಥ್ನಿಕ್ ಬಂತು. ಸಿರಿಧಾನ್ಯ ಪೇಟೆಯ ಬೆಡಗಾಗುವುದಕ್ಕೆ ಎಷ್ಟೋ ಮೊದಲಿನ ಮಾತಿದು.

ಇವೆಲ್ಲ ತಮ್ಮ ಲಾಭದಲ್ಲೇ ನಿಂತವು ಎಂದರೆ ಸುಳ್ಳಾದೀತು. ಸರ್ಕಾರದ ಹಣ, ದಾನಿಗಳ ಹಣ ಬೆನ್ನಿಗಿತ್ತು. ಹೊಸದಾಗಿ ಅಂಗಡಿ ಹೂಡುವ ಹುಡುಗನಿಗೆ ಆ ಆಸರೆ ಇರುವುದಿಲ್ಲ. ಅವನು ಇಲ್ಲಿಂದ ಕಲಿಯಬಹುದಾದ್ದು ಬೇರೆ: ಇವರು ಎರಡನೆಯ ಕಸುಬನ್ನು ಎಲ್ಲಿಂದಲೋ ತರಲಿಲ್ಲ. ಮೊದಲನೆಯದು ಎಲ್ಲಿ ತಡವರಿಸಿತೋ ಅಲ್ಲೇ ಎರಡನೆಯದನ್ನು ಶುರು ಮಾಡಿದರು.

ಬಾನುಲಿಯಲ್ಲಿ ಮಾತಾಡುತ್ತ ಅವರ ಬಾನುಲಿಯ ಸುದ್ದಿ ಬಿಡಲಾದೀತೆ? ಬೀಜ, ಬೆಳೆ, ಮನೆಮದ್ದುಗಳ ಅರಿವು ಇದ್ದದ್ದು ಬಾಯಲ್ಲಿ. ಅದನ್ನು ಹರಡಲು ರೇಡಿಯೋ ಬೇಕೆನಿಸಿತು. ಹತ್ತಿರದ ಮಾಚನೂರು ಎಂಬ ಹಳ್ಳಿಯಲ್ಲಿ ಯುನೆಸ್ಕೋ ನೆರವಿನಿಂದ ಸ್ಟುಡಿಯೋ ಎದ್ದಿತು. ಪರವಾನಗಿ ಮಾತ್ರ ಇಲ್ಲ. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು; ಇಂಥ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಬಾಗಿಲು ತೆರೆದದ್ದು 2006ರಲ್ಲಿ. ಅಲ್ಲಿಯವರೆಗೆ ಹೆಂಗಸರು ಕೈಕಟ್ಟಿ ಕೂರಲಿಲ್ಲ. ಕಾರ್ಯಕ್ರಮ ಧ್ವನಿಮುದ್ರಿಸಿದರು, ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಪ್ರಸಾರ ಶುರುವಾದಾಗ ಅವರಲ್ಲಿ ಕಾರ್ಯಕ್ರಮಗಳ ಕಣಜವೇ ಇತ್ತು, ಮೈಕಿನ ಮುಂದೆ ಕೂರುವ ಅಳುಕೂ ಕಳೆದಿತ್ತು.