ಕನ್ಹೇರಿ ಗುಡ್ಡದಲ್ಲಿ ಬರೆದಿಟ್ಟ ಲೆಕ್ಕ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಇತಿಹಾಸದ ಪಂಡಿತನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವವನು. ಅಸಲು, ಬಡ್ಡಿ, ಠೇವಣಿ—ಇವೇ ನನ್ನ ದಿನನಿತ್ಯದ ಮಾತುಗಳು. ಇಂಥವನು ಹಳೆಯ ಗುಹೆಗಳ ವಿಷಯ ಹೇಳಲು ನಿಂತನೆಂದರೆ ತಮಗೆ ನಗು ಬಂದೀತು. ಆದರೆ ನಮ್ಮ ನೆರೆಯ ಕನ್ಹೇರಿಯ ಶಾಸನಗಳನ್ನು ಕುರಿತು ಓದುತ್ತ ಹೋದಂತೆ, ನನ್ನ ಕಸುಬಿನ ಪೂರ್ವಿಕರೇ ಅಲ್ಲಿ ಲೆಕ್ಕ ಬರೆದಿಟ್ಟಿದ್ದಾರೆಂದು ನನಗೆ ತೋರಿತು. ಆದುದರಿಂದ ಈ ಧೈರ್ಯ.

ಬಾಂದ್ರಾದಿಂದ ಬೋರಿವಲಿಗೆ ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಹೋಗುವಾಗ ನಾವು ದ್ವೀಪವೊಂದರ ಮೇಲಿದ್ದೇವೆಂಬುದು ಯಾರಿಗೆ ನೆನಪಾದೀತು? ಅದು ಸಾಷ್ಟಿ ದ್ವೀಪ. ಅದರ ಉತ್ತರಕ್ಕೆ ಖಾರಿಯ ಆಚೆ ಸೋಪಾರ, ಪೂರ್ವಕ್ಕೆ ಕಲ್ಯಾಣ. ಎರಡೂ ಪುರಾತನ ಬಂದರುಗಳು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ ಎರಡನ್ನೂ ಹೆಸರಿಸುತ್ತದೆ. ಈ ಬಂದರುಗಳಿಗೆ ಸಮೀಪದಲ್ಲಿ, ದ್ವೀಪದ ನಡುವಣ ಕಾಡುಗುಡ್ಡದಲ್ಲಿ, ನೂರಕ್ಕೂ ಮಿಕ್ಕ ಗುಹೆಗಳನ್ನು ಕೊರೆದು ಬೌದ್ಧ ಭಿಕ್ಷುಗಳು ಶತಮಾನಗಳ ಕಾಲ ಬಾಳಿದರು. ಶಾಸನಗಳಲ್ಲಿ ಅದರ ಹೆಸರು ಕೃಷ್ಣಗಿರಿ. ಅದೇ ಇಂದಿನ ಕನ್ಹೇರಿ.

ಬಾಳಿದಲ್ಲಿ ಸಾವೂ ಉಂಟಷ್ಟೆ. ಕನ್ಹೇರಿಯ 87ನೆಯ ಗುಹೆ ವಾಸದ ಮನೆಯಲ್ಲ. ಬಂಡೆ ಮುಂಚಾಚಿ ನಿಂತು, ಅದರಡಿಯಲ್ಲಿ ಉದ್ದನೆಯ ಪಡಸಾಲೆಯಂತಹ ಸ್ಥಳವಾಗಿದೆ. ಅಲ್ಲಿ ಸಾಲುಸಾಲಾಗಿ ಇಟ್ಟಿಗೆಯ ಸ್ತೂಪಗಳ ಪಾಯಗಳಿವೆ. ಭಿಕ್ಷುವಿನ ದೇಹವನ್ನು ದಹನ ಮಾಡಿ, ಅಸ್ಥಿಯ ನೆನಪಿಗೆ ಪುಟ್ಟ ಸ್ತೂಪ ಕಟ್ಟುವುದು ಅವರ ಪದ್ಧತಿ. 1975ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಶೋಭನಾ ಗೋಖಲೆಯವರು ಅಲ್ಲಿ ಹಲವು ಸ್ಮಾರಕ ಲೇಖಗಳನ್ನು ಗುರುತಿಸಿ ಓದಿದರು. ಇಂಥ ಹೆಸರಿನ ಸ್ಥವಿರರು, ಸಾಧನೆಯಲ್ಲಿ ಇಂಥ ಮಟ್ಟಕ್ಕೆ ಏರಿದವರು—ಇಷ್ಟೇ ಒಕ್ಕಣೆ. ಮನೆ, ಮಡದಿ, ಮಕ್ಕಳೆಲ್ಲವನ್ನೂ ಬಿಟ್ಟು ಬಂದವರ ಹೆಸರನ್ನು ಸಂಘ ಕಳೆಯಗೊಡಲಿಲ್ಲ.

ನಮ್ಮ ನಾಲಾಸೋಪಾರದಲ್ಲಿಯೂ ಒಂದು ಸ್ತೂಪವಿದೆ. 1882ರಲ್ಲಿ ಪಂಡಿತ ಭಗವಾನಲಾಲ ಇಂದ್ರಜಿ ಅದನ್ನು ಅಗೆಸಿದಾಗ ಕಲ್ಲಿನ ದೊಡ್ಡ ಕರಂಡಕ ದೊರೆಯಿತು. ಅದರೊಳಗೆ ತಾಮ್ರದ ಡಬ್ಬಿ, ಅದರೊಳಗೆ ಬೆಳ್ಳಿಯದು, ಹೀಗೆ ಒಂದರೊಳಗೊಂದು. ಎಲ್ಲಕ್ಕೂ ಒಳಗೆ ಬಂಗಾರದ ಡಬ್ಬಿ. ಅದರಲ್ಲಿ ಏನಿತ್ತು? ಮಣ್ಣಿನ ಪಾತ್ರೆಯ ಹದಿಮೂರು ಚಿಕ್ಕ ಚೂರುಗಳು! ಬುದ್ಧನ ಭಿಕ್ಷಾಪಾತ್ರೆಯ ಚೂರುಗಳೆಂದು ಪಂಡಿತರು ಊಹಿಸಿದರು. ಮಣ್ಣಿನ ಚೂರಿಗೆ ಬಂಗಾರದ ಹೊದಿಕೆ ಹಾಕಿದ ಆ ಜನರ ಮನಸ್ಸನ್ನು ತಾವೇ ಯೋಚಿಸಿ ನೋಡಿ.

ಇದಕ್ಕೆಲ್ಲ ಹಣ ಕೊಟ್ಟವರು ಯಾರು? ರಾಜರು ಕೆಲವರು, ಆದರೆ ಬಹಳ ಮಂದಿ ನಮ್ಮಂತೆ ದುಡಿದು ತಿನ್ನುವವರು. ಕಲ್ಯಾಣದ ಅಕ್ಕಸಾಲಿ ಸಾಮಿದತ್ತನೆಂಬವನು ಕನ್ಹೇರಿಯಲ್ಲಿ ನೀರಿನ ತೊಟ್ಟಿ ಕೊರೆಸಿದ. ಅಲ್ಲಿನ ದೊಡ್ಡ ಚೈತ್ಯಕ್ಕೆ ವೆಚ್ಚ ಮಾಡಿದವರು ವರ್ತಕ ಸಹೋದರರು. ಲೋಣಾವಳದ ಬಳಿಯ ಕಾರ್ಲೆಯ ಮಹಾಚೈತ್ಯವನ್ನು ಮಾಡಿಸಿದವನು ವೈಜಯಂತಿಯ, ಅಂದರೆ ನಮ್ಮ ಬನವಾಸಿಯ, ಭೂತಪಾಲ. ಪ್ರಾಕೃತ ಶಾಸನ ಅವನನ್ನು ‘ಸೆಠಿ’ ಎನ್ನುತ್ತದೆ. ವ್ಯಾಪಾರಕ್ಕೆ ಇತ್ತ ಬಂದು ಹೆಸರುಳಿಸಿದ ಸೆಟ್ಟಿ ಎರಡು ಸಾವಿರ ವರ್ಷದ ಹಿಂದೆಯೇ ಇದ್ದನೆಂದರೆ, ಇಲ್ಲಿ ಕುಳಿತ ನಮ್ಮ ಹೋಟೆಲಿನ ಶೆಟ್ಟರಿಗೆ ಸಂತೋಷವಾಗದಿರದು.

ಇನ್ನು ನನ್ನ ಕಸುಬಿನ ಮಾತು. ಕಟ್ಟಿಸಿದರೆ ಸಾಲದು, ಮುಂದೆ ನಡೆಯಬೇಕಲ್ಲ? ಅದಕ್ಕೆಂದು ‘ಅಕ್ಷಯನೀವಿ’ ಎಂಬ ಏರ್ಪಾಡಿತ್ತು: ಅಸಲನ್ನು ಮುಟ್ಟಬಾರದು, ಬಡ್ಡಿಯನ್ನು ಮಾತ್ರ ಉಪಯೋಗಿಸಬೇಕು. ಇದರ ಅತಿ ಸ್ಪಷ್ಟವಾದ ಲೆಕ್ಕ ಘಟ್ಟದ ಮೇಲಿನ ನಾಸಿಕದ ಗುಹೆಯಲ್ಲಿದೆ. ನಹಪಾನನ ಅಳಿಯ ಉಷವದಾತನು ನೇಕಾರರ ಒಂದು ಶ್ರೇಣಿಯಲ್ಲಿ 2,000 ಕಾರ್ಷಾಪಣಗಳನ್ನು, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೆ ಇರಿಸಿದ. ಮಳೆಗಾಲ ಅಲ್ಲಿ ತಂಗುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಬಟ್ಟೆಗೆಂದು ಗೊತ್ತುಮಾಡಿದ. ವರ್ಷದ ಬಡ್ಡಿ 240, ವೆಚ್ಚವೂ 240. ಕಾಸಿನ ವ್ಯತ್ಯಾಸವಿಲ್ಲ! ಯಾವ ಇನ್‌ಸ್ಪೆಕ್ಟರು ಬಂದರೂ ತಪ್ಪು ಹಿಡಿಯಲಾರ. ಕನ್ಹೇರಿಯಲ್ಲಿಯೂ ಇಂಥ ನೀವಿಗಳುಂಟು. ಒಂದರಲ್ಲಿ ಮಂಗಲಠಾಣವೆಂಬ ಹಳ್ಳಿಯ ಹೊಲದ ಉಲ್ಲೇಖವಿದೆ. ಅದೇ ಇಂದಿನ ಬೋರಿವಲಿಯ ಮಾಗಠಾಣೆ ಎನ್ನುತ್ತಾರೆ ವಿದ್ವಾಂಸರು.

ರಾಜ್ಯೋತ್ಸವದ ದಿನಗಳಲ್ಲಿ ಹೇಳಲೇಬೇಕಾದ ಮಾತೊಂದಿದೆ. ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಆ ದೊರೆಯ ಹೆಸರು ಈ ಮುಂಬಯಿಯ ಬಂಡೆಯ ಮೇಲಿದೆಯೆಂಬುದು ಎಷ್ಟು ಜನಕ್ಕೆ ಗೊತ್ತು? ಅವನ ಸಾಮಂತರಾದ ಶಿಲಾಹಾರರು ಕೊಂಕಣವನ್ನಾಳುತ್ತಿದ್ದಾಗಿನ ಶಾಸನಗಳು ಕನ್ಹೇರಿಯಲ್ಲಿವೆ. ಶಕ 765, ಎಂದರೆ ಕ್ರಿ.ಶ. 843ರ ಸುಮಾರಿನ ಒಂದರಲ್ಲಿ ಪೂಜೆಗೆ, ದುರಸ್ತಿಗೆ, ಬಟ್ಟೆಗೆ, ಪುಸ್ತಕಗಳಿಗೆ ಎಂದು ಬೇರೆಬೇರೆಯಾಗಿ ಹಣ ನಿಗದಿಯಾಗಿದೆ. ಹತ್ತು ವರ್ಷದ ಬಳಿಕ ದೂರದ ಗೌಡದೇಶದಿಂದ, ಅಂದರೆ ಬಂಗಾಳದಿಂದ, ಬಂದ ಅವಿಘ್ನಾಕರನು ನೂರು ದ್ರಮ್ಮಗಳ ಅಕ್ಷಯನೀವಿ ಇಟ್ಟ. ಸಿಂಧು ದೇಶದವನೊಬ್ಬ ಅದಕ್ಕೂ ಮೊದಲೇ ಬಂದು ಅಲ್ಲಿ ಚೈತ್ಯ ಕಟ್ಟಿಸಿದ್ದ. ಇವರಾರೂ ಈ ದ್ವೀಪದಲ್ಲಿ ಹುಟ್ಟಿದವರಲ್ಲ. ತಮ್ಮ ಊರಿನ ಹೆಸರನ್ನು ಮರೆಯಲಿಲ್ಲ. ನಿಂತ ನೆಲಕ್ಕೆ ಕೊಡುವುದನ್ನೂ ಮರೆಯಲಿಲ್ಲ.

ನಾವೋ? ನನ್ನ ತಂದೆಯವರು ಈ ನಗರದ ಹೋಟೆಲೊಂದರ ಗಲ್ಲೆಯಲ್ಲಿ ಮೂವತ್ತು ವರ್ಷ ಕುಳಿತು ಇಲ್ಲಿಯೇ ತೀರಿಕೊಂಡರು. ಅಸ್ಥಿಯನ್ನು ಊರ ಹೊಳೆಯಲ್ಲಿ ಬಿಟ್ಟೆವು. ಅದು ನಮ್ಮ ಪದ್ಧತಿ, ಸರಿಯೇ. ಆದರೆ ಅವರು ದುಡಿದ ಈ ಊರಿನ ಒಂದು ಪುಸ್ತಕದಲ್ಲಿಯೂ ಅವರ ಹೆಸರಿಲ್ಲ. ಹಗಲು ತಟ್ಟೆ ತೊಳೆದು, ಇರುಳು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ತಮ್ಮಂದಿರನ್ನು ದಡ ಹತ್ತಿಸಿದವರ ಹೆಸರು ಎಲ್ಲಿದೆ? ಅವರನ್ನು ಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ.

ಆದಕಾರಣ ಎರಡು ಬಿನ್ನಹ. ಮೊದಲನೆಯದು, ಸಂಘ ಒಂದು ನಾಮಪುಸ್ತಕ ತೆರೆಯಲಿ. ಕನ್ಹೇರಿಯ ಕಲ್ಲಿನಲ್ಲಿರುವಷ್ಟೇ ಸಾಕು: ಹೆಸರು, ಊರು, ಕಸುಬು, ಮಾಡಿದ ಉಪಕಾರ. ಎರಡನೆಯದು, ಅಗಲಿದ ಹಿರಿಯರ ಹೆಸರಿನಲ್ಲಿ ಮನೆಗೊಂದರಂತೆ ಕೈಲಾದಷ್ಟು ಸೇರಿಸಿ ಒಂದು ಠೇವಣಿ ಇಡೋಣ. ಅಸಲು ಅಲುಗದಿರಲಿ, ಬಡ್ಡಿಯಿಂದ ಮಕ್ಕಳಿಗೆ ಕನ್ನಡ ಪುಸ್ತಕ ಬರಲಿ. ಲೆಕ್ಕ ಬರೆಯುವ ಕೆಲಸ ನನಗಿರಲಿ.