ಮಗು ಹೊದಿಕೆ ಒದೆಯುತ್ತದೆ, ಏನು ಮಾಡಲಿ?

ಚಳಿಗಾಲ ಬಂತೆಂದರೆ ಈ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವುಗಳ ಅಳಲು ಒಂದೇ: "ಡಾಕ್ಟ್ರೇ, ಎಷ್ಟು ಸಲ ಹೊದಿಸಿದ್ರೂ ಮಗು ಒದ್ದು ಹಾಕುತ್ತೆ, ರಾತ್ರಿಯೆಲ್ಲಾ ಎದ್ದೆದ್ದು ಹೊದಿಸೋದೇ ಕೆಲಸ. ಈಗ ಜಿಪ್ಪಿರೋ ಸ್ಲೀಪಿಂಗ್ ಬ್ಯಾಗ್ ಸಿಗುತ್ತಂತಲ್ಲ, ಹಾಕಬಹುದಾ?"

ಧಾರಾಳವಾಗಿ ಹಾಕಿ. ವರ್ಷ ತುಂಬದ ಕೂಸಿನ ಹಾಸಿಗೆಯಲ್ಲಿ ಬಿಡಿ ರಗ್ಗು, ಕೌದಿ, ದಿಂಬು ಯಾವುದೂ ಇರಬಾರದು. ಮುಖದ ಮೇಲೆ ಬಂದರೆ ಸರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ತೋಳಿಲ್ಲದ, ಕೆಳಗೆ ಮುಚ್ಚಿದ ಈ ಚೀಲ ಸರಿಯಾದ ಅಳತೆಯದಾದರೆ ಮುಖಕ್ಕೆ ಏರದು. ಅಂಗಾತ ಮಲಗಿಸಬೇಕೆಂಬುದು ನಿಮಗೆ ಗೊತ್ತೇ ಇದೆ.

ಆದರೆ ಮಗು ಒದೆಯುವುದು ಯಾಕೆ ಎಂದು ಯಾರೂ ಕೇಳುವುದಿಲ್ಲ. ಎಷ್ಟೋ ಸಲ ಅದು ಸೆಕೆಗೆ. ಚೀಲ ತೊಡಿಸಿದ ಮೇಲೆ ಒದ್ದು ತಣ್ಣಗಾಗುವ ದಾರಿಯೂ ಮುಚ್ಚಿತು. ಒಳಗೆ ಎಷ್ಟು ಬಟ್ಟೆ ಇರಬೇಕೆಂಬ ಹೊಣೆ ಈಗ ಪೂರ್ತಿ ನಿಮ್ಮದು. ಆಗ ಅಜ್ಜಿ ಏನು ಮಾಡುತ್ತಾರೆ? ಮಗುವಿನ ಅಂಗೈ ಮುಟ್ಟುತ್ತಾರೆ. "ಅಯ್ಯೋ, ಕೈ ಕೊರೀತಿದೆ!" ಅಲ್ಲಿಗೆ ಸ್ವೆಟರ್ ಬಂತು, ಕಾಲುಚೀಲ ಬಂತು, ಕುಲಾವಿಯೂ ಬಂತು.

ಅಂಗೈ ಮುಟ್ಟಿ ಚಳಿ ಅಳೆಯಬೇಡಿ. ಎಳೆಗೂಸಿನ ಕೈಕಾಲುಗಳಿಗೆ ರಕ್ತ ಹರಿಯುವ ವ್ಯವಸ್ಥೆ ಇನ್ನೂ ಪಳಗಿರುವುದಿಲ್ಲ. ದೇಹ ಮೊದಲು ಎದೆ, ಹೊಟ್ಟೆ, ಮಿದುಳನ್ನು ನೋಡಿಕೊಳ್ಳುತ್ತದೆ, ಬೆರಳ ತುದಿಗೆ ಕೊನೆಯ ಪಾಲು. ಹಾಗಾಗಿ ಮೈ ಬೆಚ್ಚಗಿದ್ದರೂ ಕೈ ತಣ್ಣಗಿರಬಹುದು, ಸ್ವಲ್ಪ ನೀಲಿಯಾಗಿಯೂ ಕಾಣಬಹುದು. ನಿಮ್ಮ ಕೈಯನ್ನು ಕತ್ತಿನ ಹಿಂಭಾಗಕ್ಕೋ ಎದೆಗೋ ಇಟ್ಟು ನೋಡಿ. ಬೆಚ್ಚಗೆ, ಒಣಗಿ ಇದ್ದರೆ ಸಾಕು. ಬೆವರಿದ್ದರೆ ಒಂದು ಪದರ ತೆಗೆಯಿರಿ. ಮತ್ತೊಮ್ಮೆ ಹೇಳುತ್ತೇನೆ: ಕತ್ತು ನೋಡಿ, ಕೈಯಲ್ಲ.

ಬೇಜಾರಾಗುವುದು ಇದಕ್ಕೇ. ಮಾಘದ ಬೆಳಗ್ಗೆ ಬಾಣಂತಿ ಕೋಣೆಯಿಂದ ನೇರ ನನ್ನ ಮೇಜಿಗೆ ಬರುತ್ತವೆ ಕೂಸುಗಳು. ಎರಡು ಸ್ವೆಟರ್, ಮೇಲೊಂದು ಟರ್ಕಿ ಟವೆಲ್, ಹಣೆಯಲ್ಲಿ ಬೆವರಸಾಲೆ. "ಜ್ವರ" ಅನ್ನುತ್ತಾರೆ. ಒಂದೊಂದೇ ಬಿಚ್ಚಿಸಿ ಸ್ವಲ್ಪ ಹೊತ್ತು ಬಿಟ್ಟು ಥರ್ಮಾಮೀಟರ್ ಇಟ್ಟರೆ ಎಷ್ಟೋ ಸಲ ಜ್ವರವೇ ಇರುವುದಿಲ್ಲ! ಅತಿಯಾದ ಬಿಸಿ ಬರಿಯ ಕಿರಿಕಿರಿಯಲ್ಲ. ನಿದ್ದೆಯಲ್ಲೇ ಹಠಾತ್ತನೆ ಕೂಸು ತೀರಿಹೋಗುವ ಪ್ರಕರಣಗಳಿಗೂ ಅದಕ್ಕೂ ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆ. ಶಿಶುವಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಬಿಸಿ ಹೊರಹೋಗುವುದೂ ಅಲ್ಲಿಂದಲೇ ಬಹಳ. ಆದ್ದರಿಂದ ಮನೆಯೊಳಗೆ ಮಲಗಿಸುವಾಗ ಕುಲಾವಿ ಬೇಡ. ತೂಕ ಕಡಿಮೆಯಿರುವ, ದಿನ ತುಂಬದ ಕೂಸಿಗೆ ನಿಮ್ಮ ವೈದ್ಯರೇ ಹಾಕಿ ಅಂದಿದ್ದರೆ ಅದು ಬೇರೆ ಮಾತು.

"ಹೊದಿಸದಿದ್ರೆ ಶೀತ ಆಗುತ್ತಲ್ಲ?" ನೆಗಡಿ ತರುವುದು ವೈರಸ್ಸು. ಸೀನುತ್ತಲೇ ಮಗುವಿನ ಕೆನ್ನೆಗೆ ಮುತ್ತಿಡುವ ನೆಂಟರನ್ನು ತಡೆಯಿರಿ, ಕೌದಿಯನ್ನಲ್ಲ ಹೆಚ್ಚಿಸಬೇಕಾದ್ದು.

ಸಮಯ ಓಡುತ್ತಿದೆ. ಚೀಲದ ಮೇಲೆ 'ಟಾಗ್' ಎಂಬ ಅಂಕಿ ಇರುತ್ತದೆ, ಅದು ಬೆಚ್ಚನೆಯ ಅಳತೆ. ಕೋಣೆ 24 ಡಿಗ್ರಿಗಿಂತ ಮೇಲಿದ್ದರೆ 0.5, ಸುಮಾರು 20ರಿಂದ 24ರವರೆಗೆ 1, ಅದಕ್ಕೂ ತಣ್ಣಗಿದ್ದರೆ 2.5. ಮಡಿಕೇರಿಯ ಜನವರಿಗೆ 2.5 ಬೇಕಾದೀತು. ಮಂಗಳೂರಿನ, ರಾಯಚೂರಿನ ಸೆಕೆಗೆ ಚೀಲವೇ ಬೇಡ, ತೆಳು ಹತ್ತಿಯ ಜುಬ್ಬ ಸಾಕು. ಚೀಲದ ಮೇಲೆ ಮತ್ತೆ ರಗ್ಗು ಹೊದಿಸಬೇಡಿ. ಒಳಗೆ ಕಾಳು ತುಂಬಿದ, ಭಾರದ ಚೀಲಗಳು "ಗಾಢ ನಿದ್ದೆಗೆ" ಎಂದು ಬರುತ್ತವೆ, ಕೊಳ್ಳಲೇಬೇಡಿ. ಎದೆಯ ಮೇಲೆ ಭಾರ ಕೂಸಿಗೆ ಕ್ಷೇಮವಲ್ಲ. ಮಗ್ಗುಲಾಗಲು ಹೊರಟ ಮಗುವನ್ನು ಕೈ ಸೇರಿಸಿ ಸುತ್ತುವುದನ್ನೂ ನಿಲ್ಲಿಸಿ, ಕೈ ಹೊರಗಿರಲಿ. ಸೊಂಟದ ಕೆಳಗೆ ಕಾಲು ಮಡಚಿ ಅಗಲಿಸುವಷ್ಟು ಜಾಗವಿರಲಿ, ಇಲ್ಲದಿದ್ದರೆ ಸೊಂಟದ ಕೀಲಿಗೆ ತೊಂದರೆ. ನಡೆಯುವ ಮಕ್ಕಳಿಗೆ ಪಾದ ಹೊರಬರುವ ನಮೂನೆಯದು ಒಳ್ಳೆಯದು, ಎದ್ದು ಓಡಿದರೆ ಮುಗ್ಗರಿಸುವುದಿಲ್ಲ.

ಕೊನೆಯದಾಗಿ, "ಬೆಳೆಯೋ ಮಗು" ಎಂದು ಒಂದು ಅಳತೆ ದೊಡ್ಡದು ತರಬೇಡಿ. ಕತ್ತಿನ ಭಾಗ ಸಡಿಲವಾದರೆ ತಲೆ ಒಳಗೆ ಜಾರುತ್ತದೆ. ಅಂಗಿ ದೊಡ್ಡದಾದರೆ ತೋಳು ಮಡಚಬಹುದು, ಇದನ್ನು ಹಾಗೆ ಮಾಡಲಾಗದು.