ಮೀಟರ್‌ನಲ್ಲಿ ಬರೀ 14,000 ಕಿಮೀ: ಓಡದ ಗಾಡಿಗೆ ಎಷ್ಟು ಕೊಡಬೇಕು?

ಹಳೇ ಕಾರು ಕೊಳ್ಳೋ ಬಗ್ಗೆ ಮಾತಾಡೋಣ ಅಂತ ತುಂಬಾ ದಿನದಿಂದ ಕೇಳ್ತಾ ಇದ್ರಿ. ಆದ್ರೆ ಸ್ವಿಫ್ಟ್, ಐ20 ಬಗ್ಗೆ ಹೇಳೋಕೆ ಎಲ್ಲರೂ ಇದ್ದಾರೆ. ಇವತ್ತು ಸ್ವಲ್ಪ ಕಷ್ಟದ ಲೆಕ್ಕ ತಗೊಳ್ಳೋಣ: ಕಡಿಮೆ ಓಡಿರೋ ಸ್ಪೋರ್ಟ್ಸ್ ಸೆಡಾನ್. ಸಿಗೋದೇ ಅಪರೂಪ, ಹಾಗಾಗಿ ಬೆಲೆ ಸರಿ ಇದ್ಯಾ ಅಂತ ಹೋಲಿಸಿ ನೋಡೋಕೂ ಕಷ್ಟ.

ಉದಾಹರಣೆಗೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಇಟ್ಕೊಳ್ಳೋಣ. 2020ರ ಫೆಬ್ರವರಿಯಲ್ಲಿ ಆಟೋ ಎಕ್ಸ್‌ಪೋದಲ್ಲಿ ಬಂದ ಗಾಡಿ. ಇಡೀ ದೇಶಕ್ಕೆ 200 ಮಾತ್ರ, ಪೂರ್ತಿ ಇಂಪೋರ್ಟ್. 2 ಲೀಟರ್ ಟರ್ಬೊ ಪೆಟ್ರೋಲ್, 245 ಪಿಎಸ್, ಏಳು ಗೇರ್‌ನ ಡಿಎಸ್‌ಜಿ. ಸೊನ್ನೆಯಿಂದ ನೂರಕ್ಕೆ 6.6 ಸೆಕೆಂಡ್. ಅದೇ ಗಾಡಿಯ ಡಿಕ್ಕಿಯಲ್ಲಿ ಊರಿಂದ ಬರುವಾಗ ಅಮ್ಮ ಕೊಡೋ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ಎಲ್ಲ ಹಿಡಿಸುತ್ತೆ. ಜನ ಹುಚ್ಚು ಹಿಡಿಸ್ಕೊಂಡಿರೋದು ಸುಮ್ನೆ ಅಲ್ಲ. ಆಗ ಎಕ್ಸ್ ಶೋರೂಮ್ ಬೆಲೆ 35.99 ಲಕ್ಷ. ಕರ್ನಾಟಕದಲ್ಲಿ 20 ಲಕ್ಷ ಮೇಲಿನ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಅದರ ಮೇಲೆ ಸೆಸ್. ಅಂದ್ರೆ ಟ್ಯಾಕ್ಸೇ ಸುಮಾರು 7 ಲಕ್ಷ.

ಈಗ ನಿಮ್ಮ ಮುಂದೆ ಒಂದು ಜಾಹೀರಾತು ಇದೆ ಅಂತ ಅಂದ್ಕೊಳ್ಳಿ. ಈ ಅಂಕಿ ಬರೀ ಲೆಕ್ಕ ಅರ್ಥ ಆಗ್ಲಿ ಅಂತ, ಮಾರ್ಕೆಟ್ ರೇಟ್ ಅಂತ ತಗೋಬೇಡಿ. 2020ರ ಗಾಡಿ, ಒಬ್ಬರೇ ಓನರ್, 14,000 ಕಿಮೀ, 32 ಲಕ್ಷ. ಅದರ ಕೆಳಗೇ ಇನ್ನೊಂದು: ಅದೇ ವರ್ಷ, ಅದೇ ಬಣ್ಣ, 52,000 ಕಿಮೀ, 27 ಲಕ್ಷ. ಹತ್ತು ಜನರನ್ನ ಕೇಳಿದ್ರೆ ಒಂಬತ್ತು ಜನ "ಮೊದಲನೇದು ತಗೊಳ್ಳಿ, ಹೊಸ ಗಾಡಿ ಥರ ಇದೆ" ಅಂತಾರೆ.

ನಾನು ಮೊದಲು ಕ್ಯಾಲ್ಕುಲೇಟರ್ ತೆಗೀತೀನಿ. ವ್ಯತ್ಯಾಸ 5 ಲಕ್ಷ ರೂಪಾಯಿ, 38,000 ಕಿಮೀ. ಕಿಲೋಮೀಟರ್‌ಗೆ 13 ರೂಪಾಯಿ ಬಂತು. ಈ ಗಾಡಿ ಊರೊಳಗೆ ಲೀಟರ್‌ಗೆ 10 ಕಿಮೀ ಕೊಟ್ರೆ, ಪೆಟ್ರೋಲ್‌ಗೂ ಕಿಲೋಮೀಟರ್‌ಗೆ 10 ರೂಪಾಯಿ ಚಿಲ್ಲರೆ ಆಗುತ್ತೆ. ಅಂದ್ರೆ ಯಾರೋ ಓಡಿಸದೇ ಇಟ್ಟ ದೂರಕ್ಕೆ ನೀವು ಪೆಟ್ರೋಲ್‌ಗಿಂತ ಜಾಸ್ತಿ ಕೊಡ್ತಾ ಇದ್ದೀರಿ.

ಆ 38,000 ಕಿಮೀ ಓಡಿದ್ರೆ ಗಾಡಿಯಲ್ಲಿ ನಿಜವಾಗಿ ಏನು ಸವೆಯುತ್ತೆ? ಒಂದು ಸೆಟ್ ಟೈರ್. 18 ಇಂಚಿನ ಒಳ್ಳೇ ಟೈರ್ ನಾಲ್ಕಕ್ಕೆ ನಾನು 70 ಸಾವಿರ ಇಟ್ಕೊಳ್ತೀನಿ. ಬ್ರೇಕ್ ಪ್ಯಾಡ್, ಡಿಸ್ಕ್ ಸೇರಿ 50 ಸಾವಿರ. ಸಸ್ಪೆನ್ಷನ್ ಬುಷ್ಷು, ಲಿಂಕು ಅಂತ ಒಂದು 60 ಸಾವಿರ. ಹತ್ತಿರ ಬರ್ತಿರೋ ಡಿಎಸ್‌ಜಿ ಆಯಿಲ್ ಬದಲಾವಣೆಗೆ 20 ಸಾವಿರ. ಎಲ್ಲ ಸೇರಿ 2 ಲಕ್ಷ. ಸರ್ವಿಸ್ ಖರ್ಚು ಯಾಕೆ ಸೇರಿಸಿಲ್ಲ ಅಂದ್ರೆ, ಓಡ್ಲಿ ಓಡದೇ ಇರ್ಲಿ, ಇಂಜಿನ್ ಆಯಿಲ್ ವರ್ಷಕ್ಕೊಂದು ಸಲ ಬದಲಾಯಿಸಲೇಬೇಕು. ಎರಡೂ ಗಾಡಿಗೆ ಅದು ಒಂದೇ.

ಈಗ ಆ 14,000 ಕಿಮೀ ಗಾಡಿ ಕಡೆ ಬನ್ನಿ. ಅದರಲ್ಲಿ ಕಂಪನಿ ಟೈರೇ ಇದ್ರೆ ಅದಕ್ಕೂ ಐದು ವರ್ಷ ದಾಟಿದೆ. ಥ್ರೆಡ್ ಚೆನ್ನಾಗೇ ಇರುತ್ತೆ, ಆದ್ರೆ ರಬ್ಬರ್ ಗಟ್ಟಿಯಾಗಿರುತ್ತೆ. 245 ಪಿಎಸ್ ಪೂರ್ತಿ ಮುಂದಿನ ಎರಡು ಚಕ್ರಕ್ಕೆ ಹೋಗೋ ಗಾಡಿ ಇದು. ಮಳೆಗಾಲದಲ್ಲಿ ಶಿರಾಡಿ ಘಾಟ್ ಇಳಿಯುವಾಗ ನಾನಂತೂ ಆ ಟೈರ್ ನಂಬಲ್ಲ. ಅದಕ್ಕೊಂದು 70 ಸಾವಿರ. ಬ್ಯಾಟರಿ, ಬ್ರೇಕ್ ಆಯಿಲ್, ಕೂಲೆಂಟ್ ಅಂತ ಮತ್ತೆ 40 ಸಾವಿರ. ಒಟ್ಟು 1 ಲಕ್ಷ 10 ಸಾವಿರ ತಕ್ಷಣದ ಖರ್ಚು. 2 ಲಕ್ಷದಲ್ಲಿ ಇದನ್ನ ಕಳೆದ್ರೆ ಉಳಿಯೋದು ಒಂದು ಲಕ್ಷಕ್ಕಿಂತ ಕಡಿಮೆ. ಕೇಳ್ತಾ ಇರೋದು 5 ಲಕ್ಷ ಹೆಚ್ಚು.

"ಮುಂದೆ ಮಾರುವಾಗ ನನಗೂ ಜಾಸ್ತಿ ಸಿಗುತ್ತಲ್ಲ" ಅಂತ ನೀವು ಕೇಳಬಹುದು. ಇಲ್ಲೇ ಎಲ್ಲರೂ ಎಡವೋದು. ನೀವು ವರ್ಷಕ್ಕೆ 12,000 ಕಿಮೀ ಓಡಿಸ್ತೀರಿ ಅಂತ ಇಟ್ಕೊಳ್ಳಿ. ನಾಲ್ಕು ವರ್ಷಕ್ಕೆ ಮೀಟರ್ 62,000 ತೋರಿಸುತ್ತೆ. ಆವಾಗ ಅದು ಆರ್‌ಎಸ್‌ಗಳ ಪೈಕಿ ಮಾಮೂಲಿ ಗಾಡಿ. ಹೆಚ್ಚು ಕೊಟ್ಟ ದುಡ್ಡನ್ನ ನೀವೇ ಓಡಿಸಿ ಕರಗಿಸಿರ್ತೀರಿ. ಆ ಹೆಚ್ಚುವರಿ ಬೆಲೆ ವಾಪಸ್ ಬರೋದು ಗಾಡಿಗೆ ಕವರ್ ಹೊದಿಸಿ ನಿಲ್ಲಿಸೋರಿಗೆ ಮಾತ್ರ. ಓಡಿಸೋಕೆ ಅಂತ ತಗೊಳ್ಳೋರು, ಅದೂ ಇಎಂಐ ಮೇಲೆ ತಗೊಳ್ಳೋರು, ಯಾಕೆ ಕೊಡಬೇಕು? ಹಾಗಂತ ಸೊನ್ನೆ ಕೊಡಿ ಅಂತಲೂ ಹೇಳಲ್ಲ. ಒಳ್ಳೇ ಕಂಡೀಷನ್‌ಗೆ, ನೆಮ್ಮದಿಗೆ ಒಂದೂವರೆ ಲಕ್ಷ ಜಾಸ್ತಿ ಕೊಡ್ತೀನಿ. ಆದ್ರೆ ಕಡಿಮೆ ಓಡಿದೆ ಅನ್ನೋದಕ್ಕೆ ಪುರಾವೆ ಇದ್ರೆ ಮಾತ್ರ.

ಪುರಾವೆ ಅಂದ್ರೆ ಮೀಟರ್ ಫೋಟೋ ಅಲ್ಲ. ಡಿಜಿಟಲ್ ಮೀಟರ್ ತಿದ್ದೋದು ಈ ಕಾಲದಲ್ಲಿ ದೊಡ್ಡ ವಿದ್ಯೆ ಏನಲ್ಲ. ಮೊದಲು ಅಧಿಕೃತ ಸರ್ವಿಸ್ ಸೆಂಟರ್‌ನ ಬಿಲ್‌ಗಳನ್ನ ತಾರೀಖಿನ ಪ್ರಕಾರ ಜೋಡಿಸಿ, ಪ್ರತಿ ಬಿಲ್‌ನಲ್ಲೂ ಕಿಮೀ ಬರೆದಿರುತ್ತೆ. ಒಂದೂವರೆ ವರ್ಷ ಬಿಲ್ಲೇ ಇಲ್ಲ ಅಂದ್ರೆ, ಆ ಅವಧಿಯಲ್ಲಿ ಏನಾಯ್ತು ಅಂತ ಕೇಳಿ. ಆಮೇಲೆ ಟೈರ್ ಗೋಡೆ ಮೇಲಿನ ನಾಲ್ಕು ಅಂಕಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 14,000 ಕಿಮೀ ಗಾಡಿಯಲ್ಲಿ ನಾಲ್ಕೂ ಟೈರ್ 2023ರದ್ದು ಅಂತ ಇದ್ರೆ ಹಳೇವು ಯಾಕೆ ಹೋದ್ವು? ಕಾರಣ ಇರಬಹುದು, ಕೇಳೋದರಲ್ಲಿ ತಪ್ಪಿಲ್ಲ. ಡ್ರೈವರ್ ಸೀಟಿನ ಬಲ ಅಂಚು, ಸ್ಟೀರಿಂಗ್ ಲೆದರ್, ಬ್ರೇಕ್ ಪೆಡಲ್ ರಬ್ಬರ್ ನೋಡಿ. ಇವು ಸುಳ್ಳು ಹೇಳಲ್ಲ. ಸ್ಕ್ಯಾನರ್ ಇರೋ ಮೆಕ್ಯಾನಿಕ್ ಆದ್ರೆ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲಿ ಉಳಿದಿರೋ ಕಿಮೀಯನ್ನೂ ಓದಬಹುದು.

ನನಗೆ ತುಂಬಾ ಇಷ್ಟದ ಸಾಕ್ಷಿ ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್. "ಸರ್, ಒಂದೆರಡು ವರ್ಷದ್ದು ತೋರಿಸ್ತೀರಾ?" ಅಂತ ವಿನಯವಾಗಿ ಕೇಳಿ. ಬೆಂಗಳೂರಿಂದ ತಿಂಗಳಿಗೊಂದು ಸಲ ಮಂಗಳೂರಿಗೆ ಹೋಗಿ ಬಂದ್ರೆ ಅದೇ ವರ್ಷಕ್ಕೆ 8,000 ಕಿಮೀ ಆಯ್ತು. ಟೋಲ್ ಲೆಕ್ಕಕ್ಕೂ ಮೀಟರ್ ಲೆಕ್ಕಕ್ಕೂ ತಾಳೆ ಆಗ್ಬೇಕು.

ಇನ್ನೊಂದು ಸುಲಭದ್ದು: ಇನ್ಶೂರೆನ್ಸ್ ಪಾಲಿಸಿಯಲ್ಲಿರೋ ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೆ ಅದು 20, 25, 35, 45, 50 ಅಂತ ಏರುತ್ತೆ. 2020ರಲ್ಲಿ ತಗೊಂಡ ಒಬ್ಬರೇ ಓನರ್, ಒಂದೂ ಕ್ಲೇಮ್ ಇಲ್ಲ ಅಂದ್ರೆ 2025ರ ಪಾಲಿಸಿಯಲ್ಲಿ 50 ಪರ್ಸೆಂಟ್ ಇರಬೇಕು. 20 ಅಂತ ಇದ್ರೆ ಹಿಂದೆ ಯಾವಾಗ್ಲೋ ಕ್ಲೇಮ್ ಆಗಿದೆ ಅಥವಾ ಪಾಲಿಸಿ ಕಟ್ಟೋದು ತಪ್ಪಿದೆ. ಬೋನಸ್ ಉಳಿಸಿಕೊಳ್ಳೋ ಆಡ್-ಆನ್ ಇರೋದ್ರಿಂದ 50 ಇದ್ದ ಮಾತ್ರಕ್ಕೆ ಪೂರ್ತಿ ನಿರಾಳ ಆಗಬೇಡಿ. ಆ ಬೋನಸ್ ಓನರ್‌ಗೆ ಸೇರಿದ್ದು, ಗಾಡಿ ಜೊತೆ ನಿಮಗೆ ಬರಲ್ಲ. ನಿಮ್ಮ ಪ್ರೀಮಿಯಂ ಲೆಕ್ಕ ಬೇರೆಯೇ ಹಾಕಿ.

ಇನ್ನು, ಕಡಿಮೆ ಕಿಮೀಯಲ್ಲೂ ಎರಡು ಜಾತಿ ಇದೆ. ಐದೂವರೆ ವರ್ಷಕ್ಕೆ 14,000 ಅಂದ್ರೆ ತಿಂಗಳಿಗೆ 210, ದಿನಕ್ಕೆ ಏಳು. ಒಬ್ಬರು ಭಾನುವಾರ ಬೆಳಗ್ಗೆ ಎದ್ದು ನಂದಿ ಬೆಟ್ಟದ ಕಡೆ ಹೋಗಿ ಬಂದು ಗಾಡಿ ಒರೆಸಿ ಇಡ್ತಾರೆ. ಇಂಜಿನ್ ಚೆನ್ನಾಗಿ ಬಿಸಿಯಾಗುತ್ತೆ, ಬ್ಯಾಟರಿ ಚಾರ್ಜ್ ಆಗುತ್ತೆ. ಇನ್ನೊಬ್ಬರು ದಿನಾ ಆಫೀಸಿಗೆ ಮೂರೂವರೆ ಕಿಮೀ ಹೋಗಿ ಬರ್ತಾರೆ. ಸಿಲ್ಕ್ ಬೋರ್ಡ್ ಥರದ ಜಾಗ ಆದ್ರೆ ಅಷ್ಟಕ್ಕೇ ಅರ್ಧ ಗಂಟೆ. ಮೀಟರ್ ಓಡಲ್ಲ, ಇಂಜಿನ್ ಓಡ್ತಾನೇ ಇರುತ್ತೆ. ಸಣ್ಣ ಸಣ್ಣ ಓಟದಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗದೆ ಆಯಿಲ್‌ಗೆ ಪೆಟ್ರೋಲ್, ನೀರಿನಂಶ ಸೇರ್ಕೊಳ್ಳುತ್ತೆ. ಡಿಎಸ್‌ಜಿ ಕ್ಲಚ್‌ಗೆ ಒಂದನೇ ಎರಡನೇ ಗೇರ್‌ನಲ್ಲೇ ಜೀವನ. ಹೈವೇಯಲ್ಲಿ 52,000 ಓಡಿದ ಗಾಡಿ ಇದಕ್ಕಿಂತ ಗಟ್ಟಿಮುಟ್ಟಾಗಿರೋದು ಆಶ್ಚರ್ಯ ಅಲ್ಲ.

ಮೂರನೇ ಜಾತೀನೂ ಒಂದಿದೆ: ಬೇಸ್‌ಮೆಂಟ್‌ನಲ್ಲಿ ತಿಂಗಳುಗಟ್ಟಲೆ ನಿಂತಿದ್ದು. ಇಲಿಗಳು ವೈರ್ ಕಡಿದಿವೆಯಾ ಅಂತ ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿ. ಬೆಂಗಳೂರಿನ ಗಾಡಿ ಆದ್ರೆ 2022ರ ಸೆಪ್ಟೆಂಬರ್ ನೆನಪಿಟ್ಕೊಳ್ಳಿ. ಯಮಲೂರು, ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಬೇಸ್‌ಮೆಂಟ್‌ಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ವು. ಸೀಟ್ ಬೆಲ್ಟ್‌ನ ಕೊನೆ ತನಕ ಎಳೆದು ಕೆಸರಿನ ಗೆರೆ ಇದ್ಯಾ ನೋಡಿ, ಸೀಟ್ ಕೆಳಗಿನ ರೇಲ್‌ಗೆ ತುಕ್ಕು ಹಿಡಿದಿದ್ಯಾ ನೋಡಿ. ನೀರು ಕುಡಿದ ಗಾಡಿಗೆ ನ್ಯಾಯವಾದ ಬೆಲೆ ಎಷ್ಟು ಅಂತ ನನ್ನ ಕೇಳಬೇಡಿ. ನಾನು ಅಲ್ಲಿಂದ ಎದ್ದು ಬರ್ತೀನಿ.

ಸರಿ, ಕೊನೆಗೆ ಬೆಲೆ ಎಷ್ಟು ಅಂತ ನಿರ್ಧಾರ ಮಾಡೋದು ಹೇಗೆ? ದೇಶದಲ್ಲೇ 200 ಗಾಡಿ ಇರುವಾಗ ಮಾರ್ಕೆಟ್ ರೇಟ್ ಅನ್ನೋದು ಹೆಸರಿಗೆ ಮಾತ್ರ. ಜಾಹೀರಾತಿನಲ್ಲಿರೋದು ಆಸೆ. ಹಾಗಾಗಿ ನಾನು ಒಂದು ನೆಲ, ಒಂದು ಛಾವಣಿ ಹುಡುಕ್ತೀನಿ. ಹಳೇ ಕಾರು ಕೊಳ್ಳೋ ಡೀಲರ್ ಈ ಗಾಡಿಗೆ ಎಷ್ಟು ಕೊಡ್ತಾರೆ ಅನ್ನೋದು ನೆಲ. ಓನರ್‌ನೇ ಕೇಳಿ, ಇಂಥ ಗಾಡಿ ಮಾರೋಕೆ ಹೊರಟೋರು ಎರಡು ಮೂರು ಕಡೆ ಕೋಟ್ ತಗೊಂಡೇ ಇರ್ತಾರೆ. ಅದೇ ಥರದ ಗಾಡಿಯನ್ನ ಡೀಲರ್ ವಾರಂಟಿ ಕೊಟ್ಟು ಎಷ್ಟಕ್ಕೆ ಮಾರ್ತಾರೆ ಅನ್ನೋದು ಛಾವಣಿ. ಅದರಲ್ಲಿ ಅವರ ಲಾಭ ಇದೆ, ಆ ಲಾಭದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ಓನರ್‌ನಿಂದ ನೇರವಾಗಿ ತಗೊಂಡ್ರೆ ಇವೆರಡೂ ಇಲ್ಲ, ವಾರಂಟಿಯೂ ಇಲ್ಲ. ಹಾಗಾಗಿ ಬೆಲೆ ಇವೆರಡರ ಮಧ್ಯ ಎಲ್ಲೋ ಇರಬೇಕು, ಛಾವಣಿಗೆ ತಾಗಬಾರದು. ಎಷ್ಟು ವಾರದಿಂದ ಜಾಹೀರಾತು ಹಾಗೇ ಇದೆ ಅನ್ನೋದನ್ನೂ ಗಮನಿಸಿ. ಎರಡು ತಿಂಗಳಿಂದ 32ಕ್ಕೇ ನಿಂತಿದ್ರೆ 32ಕ್ಕೆ ಕೊಳ್ಳೋರು ಬಂದಿಲ್ಲ ಅಂತಾನೇ ಅರ್ಥ.

ನಮ್ಮ ಉದಾಹರಣೆಯಲ್ಲಿ 52,000 ಕಿಮೀ ಗಾಡಿ ಚೌಕಾಸಿ ಆಗಿ 26ಕ್ಕೆ ಇಳಿಯುತ್ತೆ ಅಂತ ಇಟ್ಕೊಂಡ್ರೆ, 14,000ದ್ದಕ್ಕೆ ನನ್ನ ಲೆಕ್ಕ ಇಪ್ಪತ್ತೇಳೂವರೆ. ಪುರಾವೆ ಎಲ್ಲ ಪಕ್ಕಾ ಇದ್ರೆ ಇಪ್ಪತ್ತೆಂಟು. 32 ಅಂತೂ ಅಲ್ಲ.

ಓನರ್ ಖಂಡಿತ ಒಂದು ಮಾತು ಹೇಳ್ತಾರೆ: "ಹೊಸ ಆರ್‌ಎಸ್ 50 ಲಕ್ಷ, ಅದೂ ಸಿಗ್ತಿಲ್ಲ." ನಿಜ. 2025ರ ಅಕ್ಟೋಬರ್‌ನಲ್ಲಿ ಬಂದ ಹೊಸದಕ್ಕೆ 49.99 ಲಕ್ಷ, 100 ಗಾಡಿ, ಎಲ್ಲ ಖಾಲಿ. ಆದ್ರೆ ಅದು 265 ಪಿಎಸ್‌ನ ಮುಂದಿನ ತಲೆಮಾರಿನ ಗಾಡಿ. ಅದರ ಬೆಲೆ ಏರಿದ್ದಕ್ಕೆ ಇದರ ರಬ್ಬರ್ ಹೊಸದಾಗಲ್ಲ. ಅವರಿಗೆ ಇನ್ನೊಂದು ವಿಷಯ ನೀವು ನೆನಪಿಸಬಹುದು: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ತೆರಿಗೆ, ಸೆಸ್ ಸೇರಿ 48-50 ಪರ್ಸೆಂಟ್ ಇದ್ದದ್ದು 40ಕ್ಕೆ ಇಳಿದಿದೆ. ಹೊಸ ಕಾರು ಅಗ್ಗ ಆದಾಗ ಹಳೇದರ ಬೆಲೆಯೂ ಸ್ವಲ್ಪ ಬಗ್ಗಬೇಕು. ನೀವೂ ಒಮ್ಮೆ ಯೋಚಿಸಿ, 28 ಲಕ್ಷಕ್ಕೆ ಬೇರೆ ಏನು ಬರುತ್ತೆ? ಹೊಸ ವರ್ಟಸ್ ಜಿಟಿ 150 ಪಿಎಸ್‌ನದ್ದು, ಪೂರ್ತಿ ವಾರಂಟಿ ಜೊತೆ ತಗೊಂಡು ಲಕ್ಷಗಟ್ಟಲೆ ಉಳಿಯುತ್ತೆ. ಆರ್‌ಎಸ್ ಓಡಿಸಿದ ಮೇಲೆ ಅದು ಸಪ್ಪೆ ಅನ್ನಿಸುತ್ತೆ, ಒಪ್ತೀನಿ.

ಪೇಪರ್ ವಿಷಯ ಬೇಗ ಹೇಳಿಬಿಡ್ತೀನಿ. ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ರೆ ಎನ್‌ಒಸಿ ಮತ್ತು ಫಾರ್ಮ್ 35. ವರ್ಗಾವಣೆಗೆ ಫಾರ್ಮ್ 29, 30. ಬಾಕಿ ದಂಡ ಇದ್ಯಾ ಅಂತ ಇ-ಚಲನ್‌ನಲ್ಲಿ ನೋಡಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ. ದೆಹಲಿ, ಮಹಾರಾಷ್ಟ್ರ ನಂಬರ್ ಗಾಡಿ 3 ಲಕ್ಷ ಕಡಿಮೆಗೆ ಸಿಕ್ತು ಅಂತ ಹಿಗ್ಗಬೇಡಿ. ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಗಾಡಿ ವಯಸ್ಸಿಗೆ ತಕ್ಕ ಹಾಗೆ ಕಡಿಮೆ ಆಗುತ್ತೆ, ಆದ್ರೂ ಲಕ್ಷಗಳ ಮಾತು. ಆರ್‌ಟಿಒದಲ್ಲಿ ಆ ಮೊತ್ತ ಕೇಳ್ಕೊಂಡೇ ಬೆಲೆ ಮಾತಾಡಿ.

ನೋಡೋಕೆ ಹೋಗೋ ದಿನ ಬೆಳಗ್ಗೆ ಹೋಗಿ. "ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ ಸರ್" ಅಂತ ಮೊದಲೇ ಹೇಳಿ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗೋ ಶಬ್ದದಲ್ಲಿ ತುಂಬಾ ವಿಷಯ ಇರುತ್ತೆ. ಈ ಇಂಜಿನ್‌ನಲ್ಲಿ ಥರ್ಮೋಸ್ಟಾಟ್ ಹೌಸಿಂಗ್ ಹತ್ರ ಕೂಲೆಂಟ್ ಸೋರೋದು ಗೊತ್ತಿರೋ ಕಾಯಿಲೆ, ಅಲ್ಲಿ ಟಾರ್ಚ್ ಹಾಕಿಸಿ. ಯಾರಾದ್ರೂ ಸಾಫ್ಟ್‌ವೇರ್ ಬದಲಾಯಿಸಿ ಪವರ್ ಏರಿಸಿದ್ರಾ, ಮಾರೋ ಮುಂಚೆ ವಾಪಸ್ ಹಾಕಿದ್ರಾ ಅಂತಲೂ ಸ್ಕ್ಯಾನ್ ಮಾಡುವಾಗ ಕೇಳಿ. ಇದಕ್ಕೆಲ್ಲ ಸ್ಕೋಡಾ, ಫೋಕ್ಸ್‌ವ್ಯಾಗನ್ ಗೊತ್ತಿರೋ ಮೆಕ್ಯಾನಿಕ್‌ಗೆ ಕೆಲವು ಸಾವಿರ ಕೊಟ್ಟು ಕರ್ಕೊಂಡು ಹೋಗಿ. ಅವರು ಹೇಳಿದ ಖರ್ಚನ್ನ ಒಂದು ಹಾಳೆ ಮೇಲೆ ಬರೆದು, ಓನರ್ ಮುಂದೆ ಇಟ್ಟು, ಆಮೇಲೆ ನಿಮ್ಮ ಬೆಲೆ ಹೇಳಿ. "ಲಾಸ್ಟ್ ಎಷ್ಟು ಸರ್?" ಅಂತ ಶುರು ಮಾಡೋದಕ್ಕಿಂತ ಆ ಹಾಳೆಗೆ ಜಾಸ್ತಿ ಮರ್ಯಾದೆ ಸಿಗುತ್ತೆ. ಒಪ್ಪಲಿಲ್ಲ ಅಂದ್ರೆ ನಂಬರ್ ಕೊಟ್ಟು ಬನ್ನಿ. ಟೋಕನ್ ಅಡ್ವಾನ್ಸ್ ಮಾತ್ರ, ಗಾಡಿ ಮತ್ತು ಆರ್‌ಸಿ ಕಣ್ಣಾರೆ ನೋಡೋ ಮುಂಚೆ, ಯಾರಿಗೂ ಕಳಿಸಬೇಡಿ.

ಮುಂದಿನ ವಾರ ಹಳೇ ಕಾರಿನ ಲೋನ್ ಬಗ್ಗೆ: ಹೊಸ ಕಾರಿನ ಸಾಲಕ್ಕಿಂತ ಬಡ್ಡಿ ಯಾಕೆ ಜಾಸ್ತಿ, ಎಷ್ಟು ವರ್ಷಕ್ಕೆ ತಗೊಂಡ್ರೆ ಮೈಮೇಲೆ ಬರಲ್ಲ ಅಂತ ಲೆಕ್ಕ ಹಾಕೋಣ. ಅಲ್ಲಿವರೆಗೆ ನಮಸ್ಕಾರ.